ಉಪ್ಪೆನ ಜಕ್ಕಪ್ಪ

“ನಮ್ಮ ಮನ್ಯಾಗ ಜಕ್ಕಪ್ಪ ಅನ್ನಾಂವ ಹುಟ್ಟೇ ಇಲ್ಲ. ಹುಟ್ಟದಾಂವ ಫೋಟೋದಾಗ ಹೆಂಗ ನಿಂದರತಾನ್ರಿ?”

ಮುಧೋಳದ ಧರೆಪ್ಪ ಉಪ್ಪಿನ ಅವರು ಫೋಟೋವನ್ನು ರೇವಪ್ಪ ಕಾಕಾನ ಕೈಗೆ ತಿರುಗಿ ಕೊಟ್ಟು, ಬೆರಳುಗಳನ್ನು ಧೋತರಕ್ಕೆ ಒರೆಸಿಕೊಂಡರು. ಫೋಟೋದಲ್ಲಿ ಚಾಪೆ ಹೊದಿಸಿದ ಹೆಣಗಳಿದ್ದವು. ಐವತ್ತು ವರ್ಷದ ಹತ್ತಿರ ಹಳೆಯ ಕಾಗದವಾದರೂ ಅವರಿಗೆ ಮೈಲಿಗೆ ಅನ್ನಿಸಿರಬೇಕು.

“ದೊಡ್ಡ ಮನೆತನ. ಯಾರನ್ನೋ ಒಬ್ಬಾಂವನ್ನ ಮರತಿರಬೇಕ್ರಿ,” ಎಂದ ಕಾಕಾ. ಫೌಜದಾರಕಿಯಿಂದ ನಿವೃತ್ತನಾದರೂ ಅವನ ದನಿಯಲ್ಲಿ ಠಾಣೆ ಹಾಗೆಯೇ ಉಳಿದಿದೆ.

“ಮರೀಯಾಕ ಅಂವೇನು ಛತ್ರಿ ಏನ್ರಿ? ನಮ್ಮ ಮುತ್ತ್ಯಾ ಎತ್ತಿನ ಮ್ಯಾಲೆ ಉಪ್ಪು ಹೇರಿ ಊರೂರು ಮಾರತಿದ್ದ, ಅದಕ್ಕ ನಮಗ ಉಪ್ಪಿನ ಅಂತ ಅಡ್ಡಹೆಸರು ಬಂತು. ಆ ಮುತ್ತ್ಯಾನಿಂದ ಹಿಡದು ಮೊನ್ನಿ ಹುಟ್ಟಿದ ಕೂಸಿನ ತನಕ ಎಲ್ಲಾರ ಹೆಸರೂ ನನ್ನ ಬಾಯಾಗ ಅದಾವ. ಜಕ್ಕಪ್ಪ ಇಲ್ಲ.” ಅವರು ಕನ್ನಡಕ ಸರಿಮಾಡಿಕೊಂಡು ಫೋಟೋದ ಹಿಂಬದಿಗೆ ಬೆರಳು ತೋರಿಸಿದರು. ಈ ಸಲ ಮುಟ್ಟಲಿಲ್ಲ. “ಅದೂ ಅಲ್ಲದ, ಇದು ನಮ್ಮ ಹೆಸರ ಅಲ್ಲ. ಉಪ್ಪಿನ ಅನ್ನಾಕ ಗುಡಿಸು ಬೇಕು. ಇಲ್ಲಿ ನೋಡ್ರಿ, ಏತ್ವ ಹಾಕ್ಯಾರ.”

ನೀಲಿ ಶಾಯಿಯಲ್ಲಿ ಎರಡೇ ಪದ. ಉಪ್ಪೆನ ಜಕ್ಕಪ್ಪ.

“ಏತ್ವ ಅಲ್ರಿ, ಅದು ಸಾಲಿ ಮಾಸ್ತರನ ಬೆತ್ತ,” ಎಂದು ಕಾಕಾ ನಕ್ಕ. “ನಮ್ಮ ಮಂದಿ ‘ಮನಿ’ ಅಂತ ಬರದ್ರ, ‘ಮನೆ ಅಂತ ಬರೀಲೇ’ ಅಂತ ಹೊಡೀತಿದ್ರಲ್ಲ. ಆ ಅಂಜಿಕಿಗೆ ಎಲ್ಲಿ ಗುಡಿಸು ಬಂದ್ರೂ ಏತ್ವಾನ ಹಾಕೂದು. ನಾ ಫೌಜದಾರ ಆದ ಮ್ಯಾಲೂ ‘ಗಾಡೆ ಜಪ್ತೆ’ ಅಂತ ಬರದು ಸಾಹೇಬರ ಕಡೆ ಬೈಸಿಕೊಂಡೇನಿ.”

ಧರೆಪ್ಪನವರೂ ನಕ್ಕರು. ನಾನು ನಗಲಿಲ್ಲ. ಕಾಕಾನ ಈ ತರ್ಕವನ್ನು ನಂಬಿಯೇ ನಾವು ಒಂದು ವಾರ ಮುಧೋಳ, ಬೀಳಗಿಯ ಉಪ್ಪಿನ ಮನೆತನಗಳ ಬಾಗಿಲು ತಟ್ಟಿದ್ದೆವು. ಇದು ಕೊನೆಯ ಬಾಗಿಲು. ಆ ಅಕ್ಷರ ತಪ್ಪಲ್ಲದೆ ಸರಿಯಾಗಿಯೇ ಇದ್ದರೆ? ಕೇಳಬೇಕೆಂದುಕೊಂಡೆ. ಬೇರೆಯವರ ಮನೆಯ ಪಡಸಾಲೆಯಲ್ಲಿ ಕೂತಾಗ ನನ್ನ ಮಾತು ಗಂಟಲಿನಿಂದ ಮೇಲೆ ಬರುವುದಿಲ್ಲ.

ಹೊರಗೆ ವ್ಯಾನಿನಲ್ಲಿ, ಗಂಡನನ್ನು ಹುಡುಕಿಕೊಡಿ ಎಂದು ಕಾಕಾನ ಬಳಿ ಬಂದಿದ್ದ ಸಾತವ್ವ ಆಯಿ ಕಾಯುತ್ತಿದ್ದಳು. ನಮ್ಮ ಮುಖ ನೋಡುತ್ತಲೇ ಅವಳ ಕೈ ಮೊಣಕೈಯ ಕಡೆಗೆ ಬಳೆಗಳನ್ನು ಸರಿಸಿಕೊಂಡಿತು. ಹಸಿರು ಗಾಜಿನ ಬಳೆ. ಮಾತು ಬಾರದಾಗ ಅವಳು ಮಾಡುವುದೇ ಅದು.

“ಅವರ ಪೈಕಿ ಅಲ್ಲಂತ, ಅಕ್ಕಾ,” ಎಂದ ಕಾಕಾ.

“ನಾ ಮೊದಲನ ಹೇಳಿದ್ದೆ. ಅಂವ ನನ್ನ ಗಂಡ. ಉಪ್ಪಿನಾಂವ ಅಲ್ಲ, ಸಕ್ಕರಿಯಾಂವ ಅಲ್ಲ.”

ಗಲಗಲಿಯ ಸಾತವ್ವನ ಗಂಡ ಜಕ್ಕಪ್ಪ 1977ರ ಶ್ರಾವಣದಲ್ಲಿ ಹರಗೋಲು ಮಗುಚಿ ಕೃಷ್ಣೆಯ ಪಾಲಾದ. ಊರು ನಂಬಿದ್ದು ಅದನ್ನೇ. ಹೆಣ ಸಿಗಲಿಲ್ಲ. ಹೆಣ ಕಾಣುವ ತನಕ ಸೊಸೆಯ ಬಳೆ ಒಡೆಯಬಾರದೆಂದು ಮಾವ ಹಟ ಹಿಡಿದ; ಮಾವ ಹೋದ ಮೇಲೆ ಆಯಿಯೇ ಆ ಹಟ ಹಿಡಿದಳು. ಈಗ ಮೊಮ್ಮಗಳು ವೈಶಾಲಿಯ ಮದುವೆ. ಸೋಮವಾರ ಸುರಗಿ: ತಂಬಿಗೆಗಳಿಗೆ ನೂಲು ಸುತ್ತಿ, ನಡುವೆ ಮುತ್ತೈದೆಯರು ಮದುಮಗಳ ಜೊತೆ ಕೂತು ನೀರು ಹಾಕಿಸಿಕೊಳ್ಳುವುದು. ಗಂಡ ಇದ್ದಾನೋ ಇಲ್ಲವೋ ಗೊತ್ತಿಲ್ಲದವಳು ಅಲ್ಲಿ ಕೂಡ್ರಬಾರದೆಂದು ಗಂಡಿನವರು ಹೇಳಿ ಕಳಿಸಿದ್ದಾರೆ. ಮಗ ಮುತ್ತಣ್ಣ ತಲೆ ತಗ್ಗಿಸಿ ತಾಯಿಗೆ ಹೇಳಿದ್ದು ಒಂದೇ ಮಾತು: “ರವಿವಾರದ ತನಕ ನೋಡೂಣು. ಇಲ್ಲಂದ್ರ ಬಳಿ ತಗದುಬಿಡು, ಯವ್ವಾ.”

ಇವತ್ತು ಶುಕ್ರವಾರ.

ಆಯಿ ಗಂಡನನ್ನು ಮತ್ತೆ ಕಂಡದ್ದು ಜಮಖಂಡಿಯಲ್ಲಿ, ಮದುವೆಯ ಸಾಮಾನು ತರಲು ಹೋದಾಗ. ‘ಕೃಷ್ಣೆಯ ಮಹಾಪೂರ’ ಎಂಬ ಹಳೆಯ ಫೋಟೋಗಳ ಪ್ರದರ್ಶನ. ತೆಗೆದವರು ರಬಕವಿಯ ಸ್ಟುಡಿಯೋದ ಚನಮಲ್ಲಪ್ಪ. ಹೋದ ವರ್ಷ ತೀರಿಕೊಂಡರು. ಗೋಡೆಯ ಮೇಲೆ ಹಾಕಿಸಿದವನು ಅವರ ಮಗ ಸೋಮಲಿಂಗ. ಮೂಲ ಪ್ರತಿಯನ್ನು ಕಾಕಾ ಹೆದರಿಸಿ ಇಸಿದುಕೊಂಡು ಬಂದಿದ್ದ.

ವ್ಯಾನು ಮಹಾಲಿಂಗಪುರದ ದಾರಿ ಹಿಡಿಯಿತು. ಮುಂದೆ ಕಬ್ಬಿನ ಟ್ರ್ಯಾಕ್ಟರ್ ತೂಗಾಡುತ್ತ ಹೋಗುತ್ತಿತ್ತು, ದಾಟಲು ಜಾಗವಿರಲಿಲ್ಲ. ನಾನು ಫೋಟೋವನ್ನು ಮತ್ತೆ ತೊಡೆಯ ಮೇಲಿಟ್ಟುಕೊಂಡೆ.

ನಿಂತ ನೀರು. ಸಾಲಾಗಿ ಚಾಪೆಗಳು. ಚಾಪೆಯ ಕೆಳಗಿನಿಂದ ಹೊರಬಂದ ಒಂದು ಸಣ್ಣ ಪಾದ. ಆ ಪಾದದ ಮೇಲೆ ಕಣ್ಣು ನಿಲ್ಲಿಸಲಾರದೆ ನಾನು ಯಾವಾಗಲೂ ಗಿಡಗಳ ಕಡೆಗೆ ಹೋಗುತ್ತೇನೆ. ಎತ್ತರದ, ಕೊಂಬೆಯಿಲ್ಲದ ಗಿಡಗಳು. ತಲೆ ಹಿಸಿದು ಹೋಗಿ ಬರೀ ಕಂಬಗಳಾಗಿ ನಿಂತಿವೆ. ಅವುಗಳ ನಡುವೆ, ಗದ್ದೆಯಂಥ ಬಯಲಿನಲ್ಲಿ, ಹೊಟ್ಟೆ ಮೇಲಾಗಿ ಬಿದ್ದ ಒಂದು ದೊಡ್ಡ ದೋಣಿ.

ಮತ್ತು ಅವನು. ಹೆಗಲ ಮೇಲೆ ಕಂಬಳಿ. ಕೋಲಿಗೆ ಗದ್ದ ಊರಿ, ಒಂದು ಪಾದವನ್ನು ಇನ್ನೊಂದು ಮೊಣಕಾಲಿಗೆ ಹಚ್ಚಿ, ಒಂಟಿ ಕಾಲ ಮೇಲೆ ನಿಂತಿದ್ದಾನೆ. ಮುಖ ಅರ್ಧ ಆಚೆಗಿದೆ. ಮುಂದೆ ಹೆಣಗಳ ಬದಲು ಕುರಿಗಳಿದ್ದರೆ ಅದು ನಮ್ಮ ಕಡೆಯ ಯಾವ ಹೊಲದಲ್ಲಾದರೂ ತೆಗೆದ ಚಿತ್ರ.

“ಎಲ್ಲಾರೂ ಬಲಗಾಲ ಎತ್ತತಾರ,” ಎಂದಳು ಆಯಿ ಹಿಂದಿನಿಂದ, ನನ್ನ ಹೆಗಲ ಮೇಲೆ ಬಗ್ಗಿ. “ಇಂವ ಎಡಗಾಲ. ಲಗ್ನ ಆದ ಹೊಸತನಾಗ ನಾ ನಗತಿದ್ದೆ, ಕೊಕ್ಕರಿ ಅಂತಿದ್ದೆ.”

“ಕಾಕಾ,” ಎಂದೆ. “ಈ ದೋಣಿ…”

“ಏನದು?”

“ನಮ್ಮ ಹೊಳಿಯಾಗ ಇಂಥಾ ದೋಣಿ ಇರಂಗಿಲ್ಲ.”

“ನೀ ಯಾವಾಗ ನೋಡೀದಿ ಆಗಿನ ಹೊಳಿ? ನೀ ಹುಟ್ಟೂಕಿಂತ ಮೊದಲಿಂದು.” ಟ್ರ್ಯಾಕ್ಟರಿಗೆ ಹಾರ್ನ್ ಹೊಡೆದ. “ದೋಣಿ ಬಿಡು, ಮನಶ್ಯಾನ್ನ ಹಿಡಿ.”

ಬಿಟ್ಟೆ. ಬಿಡುವುದು ನನಗೆ ಸುಲಭ. ಆದರೆ ದೋಣಿ ನನ್ನನ್ನು ಬಿಡಲಿಲ್ಲ.

ರಬಕವಿಯ ಓಣಿಗೆ ಇಳಿದಾಗ ಎರಡೂ ಕಡೆಯಿಂದ ಮಗ್ಗಗಳ ಖಟಖಟ. ಸೋಮಲಿಂಗನ ಸೀರೆ ಅಂಗಡಿ ಮುಂದೆ, ಮನೆ ಹಿಂದೆ. ಸ್ಟುಡಿಯೋದ ಹಳೆಯ ಬೋರ್ಡು ಗೋಡೆಗೆ ಮುಖ ಮಾಡಿ ನಿಂತಿತ್ತು. ಚನಮಲ್ಲಪ್ಪನವರ ಫೋಟೋಕ್ಕೆ ಗಂಧದ ಹಾರ. ಹಾರದ ಪಕ್ಕದಲ್ಲೇ ಪ್ರದರ್ಶನದ ದಿನ ಸಿಕ್ಕ ಶಾಲು, ಫಲಕ.

“ಮತ್ತ ಬಂದ್ರಿ?” ಎಂದ ಸೋಮಲಿಂಗ. ಗಾದಿಯ ಮೇಲೆ ಜಾಗ ಮಾಡಿದ, ಚಹಾ ಎನ್ನಲಿಲ್ಲ.

“ಬರಬೇಕಾತು. ಉಪ್ಪಿನ ಮನ್ಯಾಗ ಜಕ್ಕಪ್ಪ ಅನ್ನಾಂವ ಇಲ್ಲ. ಈಗ ಅಲ್ಲಿಂದನ ಬಂದೇವಿ.”

“ಬ್ಯಾರೇ ಊರಾಂವ ಇರಬೇಕ್ರಿ.”

“ಇರಬೇಕು.” ಕಾಕಾ ಸೀರೆಯ ರಾಶಿಗೆ ಒರಗಿದ. “ಒಂದು ಮಾತು ಹೇಳು. ಆ ಹರಗೋಲದಾಗ ನಿಮ್ಮ ಅಪ್ಪನೂ ಇದ್ದ. ಈಜಿ ದಂಡಿಗೆ ಬಂದು, ಜಕ್ಕಪ್ಪ ಮುಳುಗಿದ್ದು ಕಣ್ಣಾರೆ ಕಂಡೇನಿ ಅಂತ ಗಲಗಲಿ ಚಾವಡ್ಯಾಗ ಹೇಳಿದಾಂವ ನಿಮ್ಮ ಅಪ್ಪ. ಹೌದಿಲ್ಲೋ?”

“ಹೌದ್ರಿ.”

“ಮುಳುಗಿದಾಂವನ ಫೋಟೋ ತಗದಾಂವನೂ ನಿಮ್ಮ ಅಪ್ಪ.”

“ಅಂವ ಆ ಜಕ್ಕಪ್ಪ ಅಲ್ರೀ! ಹಿಂದ ಉಪ್ಪಿನ ಅಂತ ಬರದೈತಿ, ಮತ್ತ ಮತ್ತ ಅದನ್ನ ಕೇಳ್ತೀರಲ್ಲ! ಹೊಳಿ ಬಂದಾಗಿನ ಫೋಟೋ ಅವು, ಸಾವಿರ ಮಂದಿ ಇರತಾರ. ಅಪ್ಪ ಸತ್ತು ವರ್ಷ ತುಂಬಿಲ್ಲ, ಅವರನ್ನ ಸುಳ್ಳ ಹೇಳಿದಾಂವ ಅಂತ ಮಾಡಬ್ಯಾಡ್ರಿ.”

“ನಾ ಯಾವಾಗ ಸುಳ್ಳ ಅಂದೆ? ನೀನ ಅಂದಿ.”

ಸೋಮಲಿಂಗ ಮಡಚಿದ ಸೀರೆಯನ್ನೇ ಬಿಚ್ಚಿ ಮತ್ತೆ ಮಡಚತೊಡಗಿದ. ಸಾತವ್ವ ಆಯಿ ಹೊಸ್ತಿಲ ಹತ್ತಿರ ಕುಕ್ಕರುಗಾಲಲ್ಲಿ ಕೂತು ಅವನ ಕೈಗಳನ್ನೇ ನೋಡುತ್ತಿದ್ದಳು.

“ನಿಮ್ಮ ಅವ್ವನ್ನ ಕರಿ. ಅವರನ್ನ ಕೇಳೂಣು,” ಎಂದ ಕಾಕಾ.

“ಅವ್ವಗ ಕಿವಿ ಕೇಳಂಗಿಲ್ರಿ. ಪೂರ್ತಿ ಹೋಗ್ಯಾವು.”

“ಯಾಂವ ಹೇಳಿದ್ದು?” ಒಳಗಿನಿಂದ ದನಿ ಬಂತು. “ನೀ ಹೆಂಡತಿ ಕೂಡ ಪಿಸುಪಿಸು ಮಾತಾಡಿದ್ದೂ ಕೇಳತೈತಿ ನಂಗ.”

ಬಾಗಿಲ ಪರದೆ ಸರಿಸಿ ಹಾಲವ್ವ ಬಂದರು. ಹಣೆಯ ತುಂಬ ವಿಭೂತಿ, ಬರಿದಾದ ಕೈಗಳು. ಸಾತವ್ವ ಆಯಿ ತನ್ನ ಬಳೆಗಳನ್ನು ಸೆರಗಿನ ಕೆಳಗೆ ಎಳೆದುಕೊಂಡಳು. ಯಾಕೆಂದು ನನಗೆ ತಿಳಿಯಲಿಲ್ಲ.

“ಹಾಲವ್ವಾರ, ನಿಮ್ಮ ಯಜಮಾನರಿಗೆ ಉಪ್ಪಿನ ಜಕ್ಕಪ್ಪ ಅನ್ನೋರು ಯಾರರ ಪರಿಚಯ ಇದ್ರೇನು?”

“ಏನಂದ್ರಿ?”

“ಉಪ್ಪಿನ. ಉಪ್ಪಿನ ಜಕ್ಕಪ್ಪ. ಫೋಟೋದ ಹಿಂದ ಬರದಾರ.” ಕಾಕಾ ಎತ್ತಿ ಹಿಡಿದ.

ಹಾಲವ್ವ ಫೋಟೋದ ಕಡೆ ನೋಡಲಿಲ್ಲ. ಮುಖ ಗೋಡೆಗೆ ತಿರುಗಿತು.

“ಉಪ್ಪಿನ ಅಲ್ಲ,” ಎಂದರು. “ಉಪ್ಪೆನ. ಆಕಿ ಹೆಸರು ಉಪ್ಪೆನಾ.”

“ಆಕಿ? ಯಾಕಿ?”

“ನನ್ನ ಸವತಿ.”

ಸೋಮಲಿಂಗನ ಕೈಯಿಂದ ಸೀರೆ ಜಾರಿತು. “ಅವ್ವಾ, ಒಳಗ ನಡಿ.”

“ನಡಿಯಂಗಿಲ್ಲ. ಇಷ್ಟು ವರ್ಷ ಒಳಗ ನಡದೇನಿ.” ಅವರು ನಮ್ಮ ಕಡೆ ತಿರುಗಿದರು. “ನನ್ನ ಲಗ್ನ ಆಗಿ ಒಂದು ದೀಪಾವಳಿ ಆಗಿತ್ರಿ. ಆಂಧ್ರದಾಗ ತುಫಾನ್ ಆತಂತ ಊರ ನೇಕಾರರೆಲ್ಲ ಕೂಡಿ ಒಂದು ಲಾರಿ ತುಂಬ ಅರಿವಿ ಕಳಿಸಿದ್ರು. ಫೋಟೋ ತಗೀತೇನಿ ಅಂತ ಇವರೂ ಹತ್ತಿದ್ರು. ತಿರುಗಿ ಬಂದಾಂವ ಬ್ಯಾರೇ ಮನಶ್ಯಾ. ಊಟ ಇಲ್ಲ, ಮಾತಿಲ್ಲ. ನಿದ್ದ್ಯಾಗ ಒಂದ ಹೆಸರು. ಉಪ್ಪೆನಾ, ಉಪ್ಪೆನಾ ಬಂತು, ಬಂತು ಅಂತ ಒದರಿ ಎದ್ದು ಕೂಡತಿದ್ರು. ಬಂದಾಳ ಅಂದ್ರ ಬರಲಿ, ಬಾಗಲಾ ತಗದೇನಿ ಅಂತಿದ್ದೆ ನಾನು. ಯಾಡ್ ಸಲ ತವರಿಗೆ ಹೋಗಿ ಕೂತಿದ್ದೆ. ಆ ಫೋಟೋ ಪೆಟಗಿ ನಾ ಒಂದ ದಿನಾನೂ ತಗದು ನೋಡಿಲ್ಲ. ಆಕಿ ಮುಖ ಕಾಣಬಾರದು ಅಂತ.”

ಸೋಮಲಿಂಗ ಬಗ್ಗಿ ಬಿದ್ದ ಸೀರೆಯನ್ನು ಎತ್ತಿಕೊಂಡ.

ತುಫಾನು. ಕಾಕಾನ ಕೈಯ ಫೋಟೋದಲ್ಲಿ ಆ ದೋಣಿ ಇತ್ತು.

ಫೋನು ತೆಗೆದೆ. ಆ ಪದವನ್ನು ಗುಡಿಸು ಹಾಕದೆ, ಬರೆದಿದ್ದಂತೆಯೇ ಏತ್ವ ಹಾಕಿ ಹುಡುಕಿದೆ. ತೆಲುಗು ಲಿಪಿಯಲ್ಲಿ ಉತ್ತರ ಬಂತು. ಆ ಅಕ್ಷರಗಳು ನಮ್ಮವೇ, ತಲೆಕಟ್ಟು ಮಾತ್ರ ಬೇರೆ, ಕೂಡಿಸಿ ಓದಿದೆ. ಅದರ ಕೆಳಗೆ ಚಿತ್ರಗಳು ಬಂದವು. ಕಪ್ಪು ಬಿಳುಪು. ತಲೆ ಹಿಸಿದ ತಾಳೆಮರಗಳು. ಬಯಲಲ್ಲಿ ಬಿದ್ದ, ಹೊಟ್ಟೆ ದೊಡ್ಡದಾದ ದೋಣಿಗಳು. 1977ರ ನವೆಂಬರ್. ಕೃಷ್ಣಾ ನದಿ ಸಮುದ್ರ ಸೇರುವ ಜಾಗ.

“ಆಯಿ,” ಎಂದೆ. ಯಾರಿಗೂ ಕೇಳಲಿಲ್ಲ. ಮತ್ತೆ ಎಂದೆ. “ಹಾಲವ್ವ ಆಯಿ. ಅದು ಹೆಂಗಸಲ್ಲ.”

“ಏನು?”

“ಉಪ್ಪೆನ ಅಂದ್ರ ತೆಲುಗಿನ್ಯಾಗ… ಸಮುದ್ರದ ನೀರು. ತುಫಾನ್ ಆದಾಗ ಎದ್ದು ಊರ ಮ್ಯಾಲೆ ಬರತೈತಲ್ರಿ, ಆ ನೀರು. ಅಲ್ಲಿ ಮಂದಿ ಹಂಗ ಕರೀತಾರ. ಅಜ್ಜಾರು ಅದನ್ನ ಕೇಳಿ ಬರಕೊಂಡಾರ. ಉಪ್ಪೆನ, ಬಾಜೂಕ ಜಕ್ಕಪ್ಪ. ಯಾವಾಗ ತಗದದ್ದು, ಯಾರದು ಅಂತ.”

ಹಾಲವ್ವ ನನ್ನನ್ನೇ ನೋಡಿದರು. ಕಿವಿ ನಿಜವಾಗಿಯೂ ಕೇಳಿಸದವರ ಹಾಗೆ.

“ನೀರು?”

“ಹೂಂನ್ರಿ.”

“ಹೆಂಗಸಲ್ಲ?”

“ಅಲ್ರಿ.”

ಅವರು ಸೀರೆಗಳ ರಾಶಿಯ ಮೇಲೆ ಕುಸಿದು ಕೂತರು. ಅಳುತ್ತಾರೆಂದುಕೊಂಡೆ, ನಗು ಬಂತು, ಆಮೇಲೆ ಎರಡೂ ಒಟ್ಟಿಗೇ. “ನೀರಿನ ಸಂಬಂಧ ತವರಿಗೆ ಹೋಗಿದ್ನಲ್ಲೋ, ಶಿವನಽ! ಹೆದರಿ ಒದರತಿದ್ನಲ್ಲೋ ಅಂವ. ಹೆದರಿದಾಂವಗ ನಾ ಬೆನ್ನ ಮಾಡಿ ಮಲಗತಿದ್ದೆ.”

ಆಗ ಮಾತಾಡಿದವಳು ಸಾತವ್ವ ಆಯಿ.

“ತುಫಾನ್ ಯಾವಾಗ ಆತು, ತಂಗಿ?”

“ದೀಪಾವಳಿ ಆದ ಮ್ಯಾಲೆ, ಆಯಿ.”

“ನನ್ನಾಂವ ಬಿದ್ದದ್ದು ಶ್ರಾವಣದಾಗ.” ಅವಳು ನಿಧಾನಕ್ಕೆ ಎದ್ದು ಬಂದು ಫೋಟೋದ ಮೇಲೆ ಅಂಗೈ ಇಟ್ಟಳು. “ಹಂಗಾದ್ರ ಕೃಷ್ಣವ್ವ ಕೊಲ್ಲಲಿಲ್ಲ. ಒಯ್ದು ಸಮುದ್ರದ ದಂಡ್ಯಾಗ ಇಳಿಸಿ ಬಂದಾಳ.”

“ಅಕ್ಕಾ, ನಡುವ ಎಂಥೆಂಥಾ ಡ್ಯಾಮ್ ಅದಾವ…”

“ಡ್ಯಾಮಿಗೆ ಬಾಗಲಾ ಇರಂಗಿಲ್ಲೇನ್ರಿ, ಸಾಹೇಬ್ರ?”

ಒಂದು ಅಕ್ಷರ ಸರಿಹೋದ ಕೂಡಲೇ ಉಳಿದದ್ದೆಲ್ಲ ಅಡಿಮೇಲಾಗಿತ್ತು. ಮುಳುಗಿದ್ದನ್ನು ಕಂಡೆ ಎಂದ ಚನಮಲ್ಲಪ್ಪ, ಕೆಲವು ತಿಂಗಳಲ್ಲಿ ಅದೇ ಮನುಷ್ಯ ಸಮುದ್ರದ ದಂಡೆಯಲ್ಲಿ ನಿಂತದ್ದನ್ನೂ ಕಂಡರು. ಹೆಸರು ಬರೆದಿಟ್ಟರು. ಗಲಗಲಿ ಇಲ್ಲೇ, ಹೊಳೆಯ ಗುಂಟ. ಸಾಯುವ ತನಕ ಒಮ್ಮೆಯೂ ಹೋಗಿ, ನಿನ್ನ ಗಂಡ ಬದುಕಿದ್ದಾನೆ ಎಂದು ಹೇಳಲಿಲ್ಲ. ಹಳೆಯ ಫೋಟೋ ಸುಳ್ಳಾಡದು ಎಂದುಕೊಂಡಿದ್ದೆ. ಅದು ಸುಳ್ಳಾಡಲಿಲ್ಲ ನಿಜ, ಆದರೆ ಯಾವ ಪ್ರಶ್ನೆಗೆ ಉತ್ತರ ಕೊಡುತ್ತಿದೆ ಎಂಬುದೇ ತಿಳಿಯುತ್ತಿರಲಿಲ್ಲ.

“ಆ ಹೊತ್ತಿಗೆ ಇದ್ದ,” ಎಂದ ಕಾಕಾ, ಮೆಲ್ಲಗೆ. “ಈಗ ಅದಾನ ಅನ್ನಾಕ ಇದು ಸಾಲೂದಿಲ್ಲ, ಅಕ್ಕಾ. ಗಂಡಿನವರು ಒಪ್ಪಂಗಿಲ್ಲ.”

ಆಯಿಯ ಅಂಗೈ ಫೋಟೋದ ಮೇಲಿಂದ ಎದ್ದಿತು.

ಹಾಲವ್ವ ಮೂಗು ಒರೆಸಿಕೊಳ್ಳುತ್ತಿದ್ದವರು ಥಟ್ಟನೆ ತಲೆಯೆತ್ತಿದರು. “ಯವ್ವಾ, ನಿನ್ನ ಹೆಸರೇನಬೇ?”

“ಸಾತವ್ವ.”

ಅವರ ಮುಖದ ನಗುವೆಲ್ಲ ಇಳಿದುಹೋಯಿತು. ಕೈ ತಾನಾಗಿ ಸೊಂಟಕ್ಕೆ ಹೋಗಿ, ಒಂದು ಹಳೆಯ ಬಟನ್ ಫೋನನ್ನು ಹೊರತೆಗೆಯಿತು. “ಇದು ಅವರ ಫೋನು. ನಾನ ಇಟಗೊಂಡೇನಿ. ವರ್ಷಕ್ಕೊಮ್ಮೆ ಫೋನ್ ಬರತಿತ್ತು, ಇವರು ಎದ್ದು ಹೊರಗ ಹೋಗಿ ಮಾತಾಡತಿದ್ರು. ಆಕೀದು ಅಂತ ತಿಳದಿದ್ದೆ. ನಿನ್ನಿ ಮುಂಜಾನಿ ಮತ್ತ ಬಂತು. ಈ ಸಲ ನಾನ ಎತ್ತಿದೆ. ಗಂಡಸಿನ ದನಿ. ಮುದುಕ. ನಮ್ಮ ಕಡೆ ಮಾತು, ಆದ್ರ ನಾಲಿಗಿ ತಡವರಿಸತಿತ್ತು, ಭಾಳ ದಿನ ಆಡಿಲ್ಲೋ ಏನೋ ಅನ್ನೂಹಂಗ. ಚನಮಲ್ಲ ಅದಾನೇನ್ರಿ ಅಂದ. ಸತ್ತಾರ ಅಂದೆ. ಆಮ್ಯಾಲೆ ಒಂದ ಮಾತು ಕೇಳಿದ.”

“ಅವ್ವಾ!” ಎಂದ ಸೋಮಲಿಂಗ.

“ಏನ್ ಕೇಳಿದ?” ಎಂದಳು ಆಯಿ.

“ಸಾತವ್ವನ ಬಳಿ ಅದಾವೇನ್ರಿ, ಅಂತ.”

ಗಂಡ ಬದುಕಿರುವಾಗಲೇ ಹೆಂಡತಿಯ ಬಳೆ ಒಡೆದುಬಿಟ್ಟಿದ್ದರೆ ಆ ಗಂಡಸು ತಿರುಗಿ ಮನೆಯ ಹೊಸ್ತಿಲು ತುಳಿಯಬಾರದು ಎನ್ನುವುದು ನಮ್ಮ ಕಡೆಯ ಹಳಬರಿಗೆಲ್ಲ ಗೊತ್ತು.

“ನೀವೇನಂದ್ರಿ?” ಕಾಕಾನ ದನಿಯಲ್ಲಿ ಈಗ ಠಾಣೆ ಇರಲಿಲ್ಲ.

“ನನಗ ಹೊಟ್ಟ್ಯಾಗ ಬೆಂಕಿ ಇತ್ತು. ಇದೊಂದು ಹೊಸಾ ಹೆಸರು ಬಂತಲ್ಲ ಅಂತ. ಯಾವ ಸಾತವ್ವ, ಯಾವ ಬಳಿ…” ಹಾಲವ್ವ ತಮ್ಮ ಬರಿಗೈಗಳನ್ನು ನೋಡಿಕೊಂಡರು. “ಒಡದು ಭಾಳ ವರ್ಷ ಆತು, ಇಡು ಅಂದೆ.”

ಕಾಕಾ ಫೋನು ಕಸಿದುಕೊಂಡು ಕರೆಗಳ ಪಟ್ಟಿ ತೆರೆದ. ಖಾಲಿ. ಒಂದೂ ನಂಬರು ಇಲ್ಲ.

“ಇದನ್ನ ಅಳಿಸಿದಾರು ಯಾರು?”

“ನನಗ ಬರಂಗಿಲ್ರಿ ಅದೆಲ್ಲ,” ಎಂದರು ಹಾಲವ್ವ. ಅನ್ನುತ್ತಲೇ ಅವರ ಕಣ್ಣು ಮಗನ ಮೇಲೆ ಬಿತ್ತು. ಎಲ್ಲರ ಕಣ್ಣೂ. ಸೋಮಲಿಂಗ ಗೋಡೆಯ ಮೇಲಿನ ಶಾಲು, ಫಲಕಗಳನ್ನು ನೋಡುತ್ತಿದ್ದ, ಯಾರೋ ಅವನ್ನು ಇಳಿಸಲು ಬಂದಿದ್ದಾರೆ ಅನ್ನುವ ಹಾಗೆ.

ಕಾಕಾ ಅವನ ಕಡೆ ಹೆಜ್ಜೆ ಇಟ್ಟ. ನಾನು ಹಾಲವ್ವನ ಪಕ್ಕ ಕೂತೆ. ನನ್ನೊಳಗೆ ಒಂದು ಪ್ರಶ್ನೆ ಇತ್ತು. ಈ ಸಲ ಅದನ್ನು ಗಂಟಲಲ್ಲೇ ಬಿಡಲಿಲ್ಲ.

“ಆಯಿ, ಅಂವ ಮಾತಾಡುವಾಗ ಹಿಂದ ಏನರ ಸಪ್ಪಳ ಕೇಳತಿತ್ತೇನ್ರಿ?”

ಅವರು ಕಣ್ಣು ಮುಚ್ಚಿದರು. “ಗದ್ದಲ ಇತ್ತವ್ವಾ. ಗಾಡಿ ಸಪ್ಪಳ. ಯಾಂವೋ ಕಂಡಕ್ಟರ ಒದರಾಕತ್ತಿದ್ದ.”

“ಏನಂತ?”

“ಗಲಗಲಿ, ಗಲಗಲಿ, ಗಲಗಲೀ… ಹತ್ತೋರು ಹತ್ತರಿ, ಅಂತ.”

ಆಂಧ್ರದ ಯಾವ ಊರಲ್ಲೂ ಹಾಗೆ ಕೂಗುವ ಕಂಡಕ್ಟರ್ ಇರುವುದಿಲ್ಲ. ಗಲಗಲಿಯ ಬಸ್ಸು ಹೊರಡುವ ಜಮಖಂಡಿಯ ಬಸ್ ಸ್ಟ್ಯಾಂಡು. ನಿನ್ನೆ.

ಸಾತವ್ವ ಆಯಿ ಹಾಲವ್ವನ ಎರಡೂ ಕೈ ಹಿಡಿದುಕೊಂಡಳು. ಹಸಿರು ಬಳೆಗಳು ಆ ಬರಿಗೈಗಳ ಮೇಲೆ ಜಾರಿ ಬಿದ್ದವು.

“ಯಕ್ಕಾ, ನೆನಪು ಮಾಡಿಕೊಂಡು ಹೇಳು. ಅಂವ ಬಸ್ಸಿನ ಒಳಗ ಕೂತು ಮಾತಾಡಿದ್ನೋ, ಹೊರಗ ನಿಂತೋ?”

“ಗೊತ್ತಾಗಲಿಲ್ಲ, ಯವ್ವಾ,” ಎಂದರು ಹಾಲವ್ವ. “ನಾ ಇಟ್ಟುಬಿಟ್ಟೆ.”